ವಾಪಸು ಕೊಡಬಾರದ ಗಡಿಗೆ

ಎರವಲು ತಂದ ಪಾತ್ರೆಯನ್ನು ತೊಳೆದು ಹಿಂದಿರುಗಿಸಬೇಕು, ಖಾಲಿ ಕೊಡಬಾರದು, ಒಳಗೆ ಏನಾದರೂ ಇಟ್ಟು ಕೊಡಬೇಕು. ಯಾನ್‌ಚ್ಯೂಗೆ ಅವಳ ತಾಯಿ ಕಲಿಸಿದ್ದು ಇಷ್ಟು. ಆ ತಾಯಿ ಚೀನಾದ ಈಶಾನ್ಯದ ಹಿಮದ ಊರಿನವಳು. ಗಂಡ ದುಡಿಯುತ್ತಿದ್ದ ಉಕ್ಕಿನ ಕಾರ್ಖಾನೆಯನ್ನು ಸರ್ಕಾರ ಸಿಚುವಾನ್ ಪ್ರಾಂತ್ಯದ ಬೆಟ್ಟಗಳ ಸೆರಗಿಗೆ ಸಾಗಿಸಿದಾಗ ಅದರ ಹಿಂದೆಯೇ ಬಂದವಳು. ಯಾನ್‌ಚ್ಯೂ ಬೆಳೆದದ್ದು ಕಾರ್ಖಾನೆಯ ವಸತಿಯಲ್ಲಿ. ಅಲ್ಲಿ ಜ್ವರ ಬಂದರೆ ಆಸ್ಪತ್ರೆಯ ಕಿಟಕಿಯಲ್ಲಿ ಬಿಳಿ ಮಾತ್ರೆ ಕೊಡುತ್ತಿದ್ದರು. ಕಷಾಯದ ಗಡಿಗೆ ಎಂಬುದೊಂದಿದೆ, ಅದಕ್ಕೆ ಬೇರೆಯದೇ ಕಟ್ಟಳೆ ಇದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅವಳು ಮದುವೆಯಾಗಿ ಬಂದ ಶಾಬಾ ಊರು ನದಿಯ ಮೆಕ್ಕಲು ದಂಡೆಯ ಮೇಲಿದೆ. ಊರೊಟ್ಟಿನ ಹೊಲಗಳನ್ನು ಸರ್ಕಾರ ಮನೆಮನೆಗೆ ಹಂಚಿಕೊಟ್ಟು ಕೆಲವು ವರ್ಷವಾಗಿತ್ತು. ಹಂಚಿಕೊಂಡವರೆಲ್ಲ ಹಿಂದಿನಂತೆ ಫೂಜಿಯನ್ನೇ ಬೆಳೆದರು. ಫೂಜಿ ಎಂದರೆ ಕನ್ನಡದಲ್ಲಿ ವತ್ಸನಾಭಿ ಎನ್ನುವ ಗೆಡ್ಡೆಯ ದಾಯಾದಿ. ಹಸಿಯಾಗಿ ತಿಂದರೆ ಸಾವು. ಉಪ್ಪುನೀರಿನಲ್ಲಿ ನೆನೆಸಿ, ಬೇಯಿಸಿ, ಹೆಚ್ಚಿ, ಮತ್ತೆ ನೆನೆಸಿ, ಒಣಗಿಸಿ, ಕಡೆಗೆ ಕಷಾಯದಲ್ಲಿ ಎಲ್ಲಕ್ಕಿಂತ ಮೊದಲು ಹಾಕಿ ಬಹಳ ಹೊತ್ತು ಕುದಿಸಿದರೆ ಅದೇ ಗೆಡ್ಡೆ ತಣ್ಣಗಾಗುತ್ತಿರುವ ಮೈಗೆ ಕಾವು ತರುತ್ತದೆ. ಬೆಂದಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕೆ ಶಾಬಾದಲ್ಲಿ ಗಡಿಯಾರ ನೋಡುವುದಿಲ್ಲ. ಒಂದು ಹೋಳು ಕಚ್ಚುತ್ತಾರೆ. ನಾಲಗೆ ಜೋಮು ಹಿಡಿದರೆ ಇನ್ನೂ ವಿಷ, ಹಿಡಿಯದಿದ್ದರೆ ಔಷಧ.

ಚಳಿಗಾಲದ ನಡುವಿನ ಹಬ್ಬಕ್ಕೆ ಕುರಿಮಾಂಸದ ಜೊತೆ ಫೂಜಿ ಬೇಯಿಸಿದಾಗ ಅತ್ತೆ ದೇಫೆನ್ ಸೊಸೆಯನ್ನು ಒಲೆಯ ಬಳಿ ಕರೆದಿದ್ದಳು.

"ಬಾಯಿಲ್ಲಿ, ಕಚ್ಚಿ ಉಗಿ. ನಮ್ ನಾಲಗೆ ಎಲ್ಲಾ ಜುಮ್ಮನಕಾಯಿಗೆ ಸತ್ತೋಗಿದೆ. ನಿಂದು ಸಪ್ಪೆ ನಾಲಗೆ, ಸರಿಯಾಗಿ ಹೇಳುತ್ತೆ."

ಜುಮ್ಮನಕಾಯಿ ಎಂದರೆ ನಾಲಗೆಗೆ ಜೋಮು ಹಿಡಿಸುವ, ಮೆಣಸಿನಂಥ ಕಾಳು. ಸಿಚುವಾನಿನ ಜನ ಅದಿಲ್ಲದೆ ಊಟ ಮಾಡರು. ಯಾನ್‌ಚ್ಯೂ ಮಾತ್ರ ಬಟ್ಟಲಿನಿಂದ ಒಂದೊಂದೇ ಕಾಳು ಹೆಕ್ಕಿ ಅಂಚಿಗೆ ಸಾಲಾಗಿ ಇಡುತ್ತಿದ್ದಳು. "ನೋಡ್ರೇ, ಜಪಮಾಲೆ ಪೋಣಿಸ್ತಾವಳೆ" ಎಂದು ಓಣಿಯ ಹೆಂಗಸರು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಎದುರುಮನೆಯ ಚಿನ್ ದೊಡ್ಡಮ್ಮ.

ಹೊಸವರ್ಷದ ಹಬ್ಬದ ಹಿಂದಿನ ದಿನ ಮನೆಯನ್ನೆಲ್ಲ ಗುಡಿಸಿ ತೊಳೆಯುವುದು ರೂಢಿ. ದೇಫೆನ್ ಸಂತೆಗೆ ಹೋಗಿದ್ದಳು. ಯಾನ್‌ಚ್ಯೂಳ ಗಂಡ ಕಾರ್ಖಾನೆಯ ಲಾರಿಯ ಕೆಲಸದಲ್ಲಿದ್ದ, ಸಂಜೆ ಬರುವವನು. ಒಲೆಯ ಹಿಂದೆ, ಹೊಗೆಗೆ ತೂಗುಹಾಕಿದ ಹಂದಿಮಾಂಸದ ಕೆಳಗೆ, ಯಾನ್‌ಚ್ಯೂ ಕಣ್ಣಿಗೆ ಗಿಡ್ಡ ಮೂತಿಯ ಕಪ್ಪುಗಟ್ಟಿದ ಮಣ್ಣಿನ ಗಡಿಗೆ ಬಿತ್ತು. ಶರದೃತುವಿನಲ್ಲಿ ಅತ್ತೆಗೆ ಕೆಮ್ಮು ಹಿಡಿದಾಗ ಚಿನ್ ಅವರ ಮನೆಯಿಂದ ತಂದದ್ದು. ಕೆಮ್ಮು ಹೋಗಿ ಎಷ್ಟೋ ದಿನವಾಗಿತ್ತು. ಹಬ್ಬ ಬಂದರೂ ಕಂಡವರ ಪಾತ್ರೆ ನಮ್ಮಲ್ಲೇ ಇದೆಯಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಬೂದಿ, ಮರಳು ಹಾಕಿ ತಿಕ್ಕಿದಳು. ತಲೆಮಾರುಗಳ ಕಷಾಯ ಕಟ್ಟಿದ ಕರೀ ಪದರ ಹೋಗಿ ಒಳಗಿನ ಕೆಂಪು ಮಣ್ಣು ಹೊಳೆಯಿತು. ತಳಕ್ಕೆ ಹುಲ್ಲು ಹಾಸಿ, ಮೇಲೆ ಮೊಟ್ಟೆ ತುಂಬಿ, ಓಣಿ ದಾಟಿದಳು.

ದೊಡ್ಡಮ್ಮ ಮನೆಯಲ್ಲಿರಲಿಲ್ಲ. ಚಿನ್ ದೊಡ್ಡಪ್ಪ ಬಿಸಿಲಿಗೆ ಕೂತು ಬಿದಿರು ಸೀಳುತ್ತಿದ್ದ. ಗಡಿಗೆಯನ್ನು ನೋಡಿದ, ಅವಳ ಮುಖ ನೋಡಿದ, ಮತ್ತೆ ಗಡಿಗೆ ನೋಡಿದ.

"ಇಷ್ಟೊಂದ್ ಮೊಟ್ಟೆ!" ಎಂದ. "ಇಟ್ಟೋಗು ಮಗಳೇ. ಹಬ್ಬ ಚೆನ್ನಾಗಿ ಮಾಡು."

ದೇಫೆನ್ ಸಂತೆಯಿಂದ ಬಂದವಳು ಬಾತುಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡೇ ಒಲೆಯ ಹಿಂದೆ ಇಣುಕಿದಳು.

"ಗಡಿಗೆ ಎಲ್ಲೇ?"

"ವಾಪಸ್ ಕೊಟ್ಬಂದೆ ಅತ್ತೆ. ಚೆನ್ನಾಗಿ ಉಜ್ಜಿ ತೊಳ್ದು."

"ಉಜ್ಜಿ?"

"ಫಳಫಳ ಅಂತಿತ್ತು. ಖಾಲಿ ಕೊಡಬಾರ್ದಲ್ವಾ, ಮೊಟ್ಟೆ ಇಟ್ಟೆ."

ಬಾತುಕೋಳಿ ಕೆಳಗೆ ಬಿದ್ದು ಕೂಗಿಕೊಂಡು ಅಂಗಳಕ್ಕೆ ಓಡಿತು.

"ಅಯ್ಯೋ ನನ್ ಕರ್ಮವೇ! ಕಷಾಯದ ಗಡಿಗೇನ ಯಾರಾದ್ರೂ ವಾಪಸ್ ಕೊಡ್ತಾರೇನೇ? ಅದು ಕೊನೇ ಸಲ ಕಾಯಿಲೆ ಬಿದ್ದೋರ ಮನೇಲೇ ಇರ್ಬೇಕು. ಮುಂದೆ ಯಾರಿಗೆ ಕಾಯಿಲೆ ಬರುತ್ತೋ ಅವ್ರು ತಾವಾಗೇ ಬಂದು ತಗೊಂಡೋಗ್ಬೇಕು. ನಾವಾಗಿ ಕೊಟ್ರೆ ಕಾಯಿಲೇನ ಕೈಗಿಟ್ಟಂಗೆ. ಅದೂ ಹಬ್ಬದ ಹಿಂದಿನ ದಿನ! ಅದೂ ತುಂಬಿಸಿ!"

"ನಂಗ್ ಗೊತ್ತಿರ್ಲಿಲ್ಲ ಅತ್ತೆ."

"ನಿಮ್ ಕಾರ್ಖಾನೇಲಿ ಉಕ್ಕು ಕಾಯ್ಸೋದು ಬಿಟ್ಟು ಇನ್ನೇನೂ ಹೇಳ್ಕೊಡಲ್ವಾ?"

"ಹಂಗಾದ್ರೆ ಹೋಗಿ ತಂದ್ಬಿಡ್ಲಾ?"

"ಕಾಯಿಲೆ ಇಲ್ದೆ ಯಾರಾದ್ರೂ ಗಡಿಗೆ ಕೇಳ್ತಾರಾ? ಇನ್ನೊಂದು ಅಪಶಕುನ ಬೇಕಾ ನಿಂಗೆ? ಕೂತ್ಕೋ ಸುಮ್ನೆ."

ಆ ಸಂಜೆ ಚಿನ್ ದೊಡ್ಡಮ್ಮ ಓಣಿಯ ಬಾಯಲ್ಲಿ ನಿಂತು, ಯಾರನ್ನೂ ನೋಡದೆ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಕೆಲವ್ರ ಮನೇಲಿ ಕಾಯಿಲೆ ಉಕ್ಕಿ ಹರೀತಿದೆ ಅಂತ ಕಾಣುತ್ತಪ್ಪ. ಗಡಿಗೆಗಟ್ಲೆ ಹಂಚ್ತಾವ್ರೆ."

ಹೊಸವರ್ಷದ ಐದನೇ ದಿನ, ಬಡತನವನ್ನು ಓಡಿಸುವ ಪಟಾಕಿಗಳ ನಡುವೆ, ಚಿನ್ ದೊಡ್ಡಪ್ಪ ಬಾವಿಕಟ್ಟೆಯ ಬಳಿ ಕುಸಿದುಬಿದ್ದ. ಮುಖ ಬೂದಿಬಣ್ಣಕ್ಕೆ ತಿರುಗಿತ್ತು, ಹಣೆಯಲ್ಲಿ ತಣ್ಣನೆಯ ಬೆವರು, ಕೈಕಾಲು ಮಂಜುಗಡ್ಡೆ.

ಮೌ ವೈದ್ಯರನ್ನು ಕರೆತಂದರು. ಅವರ ಅಪ್ಪ, ಅಜ್ಜ ಎಲ್ಲ ಅದೇ ಊರಿನ ವೈದ್ಯರು. ಅವರ ಅಂಗಡಿಯ ಗೋಡೆಯ ಮೇಲೆ ಷೆನ್‌ನೊಂಗನ ಪಟವಿತ್ತು: ಜನರಿಗೆ ಬೇಸಾಯವನ್ನೂ ಮದ್ದನ್ನೂ ಕಲಿಸಿದನೆಂದು ಹೇಳುವ ಆದಿಕಾಲದ ಅರಸ, ಎಲೆಯ ಉಡುಗೆ ತೊಟ್ಟು, ಬಾಯಲ್ಲಿ ಒಂದು ಗಿಡ ಕಚ್ಚಿಕೊಂಡು ಕೂತವನು. ಮೌ ವೈದ್ಯರು ಮೊದಲು ಬಲಗೈ, ಆಮೇಲೆ ಎಡಗೈ, ಮೂರು ಬೆರಳಿಟ್ಟು ಕಣ್ಣು ಮುಚ್ಚಿ ನಾಡಿ ನೋಡಿದರು. ನಾಲಗೆ ಚಾಚಿಸಿ ನೋಡಿದರು. ಬಿಳಿಚಿಕೊಂಡು, ಊದಿ, ಅಂಚಿನಲ್ಲಿ ಹಲ್ಲಿನ ಗುರುತು ಮೂಡಿತ್ತು. ಕಾಲನ್ನು ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ನಿಂತಿತು.

"ಒಳಗಿನ ಒಲೆ ಆರ್ತಾ ಇದೆ" ಎಂದರು. "ಹೊತ್ತಿಸ್ಬೇಕು, ಆದ್ರೆ ನಿಧಾನ. ಫೂಜಿ ಮೊದ್ಲು ಹಾಕಿ, ಅದು ಚೆನ್ನಾಗಿ ಕುದಿದ್ಮೇಲೇ ಉಳಿದಿದ್ದು. ಮಧ್ಯ ತಣ್ಣೀರು ಹಾಕ್ಬೇಡ. ಕಚ್ಚಿ ನೋಡು."

"ನಂಗೆ ಹೇಳ್ಕೊಡ್ತೀರಾ ವೈದ್ಯರೇ? ಹುಟ್ಟಿದಾಗಿಂದ ಫೂಜೀಲೇ ಇದೀನಿ" ಎಂದಳು ಚಿನ್ ದೊಡ್ಡಮ್ಮ.

ಮಾತು ಸುಳ್ಳಲ್ಲ. ಆದರೆ ಅವಳು ಆ ಗಡಿಗೆಯನ್ನು ಮುಟ್ಟಲಿಲ್ಲ. ಗಂಡನಿಗೆ ಕಾಯಿಲೆ ತಂದ ಪಾತ್ರೆಯಲ್ಲಿ ಅವನ ಔಷಧ ಕುದಿಸುವುದು ಹೇಗೆ? ಹೊಸದನ್ನು ಕೊಳ್ಳುವಂತೆಯೂ ಇರಲಿಲ್ಲ. ಕಷಾಯದ ಗಡಿಗೆ ಕೊಂಡರೆ ಕಾಯಿಲೆಗೆ ಮುಂಗಡ ಕೊಟ್ಟಂತೆ ಎಂದು ಶಾಬಾದವರು ನಂಬುತ್ತಾರೆ. ಓಣಿಗೆಲ್ಲ ಇದ್ದದ್ದು ಅದೊಂದೇ. ಅವಳು ಅನ್ನ ಮಾಡುವ ತೆಳ್ಳನೆಯ ಅಲ್ಯುಮಿನಿಯಂ ಪಾತ್ರೆಯನ್ನು ಒಲೆಗೇರಿಸಿದಳು.

ಯಾನ್‌ಚ್ಯೂ ಕ್ಷಮೆ ಕೇಳಲು ಹೋದಳು. ಬಾಗಿಲು ಅವಳ ಮೂಗಿನ ತುದಿಗೆ ಬಡಿಯಿತು. ಓಣಿಯಲ್ಲಿ ಹೆಂಗಸರು ಅವಳನ್ನು ಕಂಡು ಮಾತು ನಿಲ್ಲಿಸಿದರು. ವಸಂತದಲ್ಲಿ ಫೂಜಿಯ ಬೇರು ಸವರುವ ಕೆಲಸಕ್ಕೆ ಎರಡು ಮನೆಯವರೂ ಮುಯ್ಯಾಳು ಮಾಡಿಕೊಳ್ಳುತ್ತಿದ್ದರು. ಆ ವರ್ಷ ಅದೂ ನಿಂತಂತೆಯೇ. "ಮುದುಕ ಹೋದ್ರೆ ಈ ಓಣೀಲಿ ನಾವು ಮುಖ ಎತ್ತಂಗಿಲ್ಲ" ಎಂದು ದೇಫೆನ್ ಒಮ್ಮೆ ಮಾತ್ರ ಹೇಳಿದಳು. ಗಡಿಗೆಗೂ ಎದೆಯ ರೋಗಕ್ಕೂ ಸಂಬಂಧವಿಲ್ಲವೆಂದು ಯಾನ್‌ಚ್ಯೂಗೆ ಗೊತ್ತಿತ್ತು. ಗೊತ್ತಿದ್ದರಿಂದ ಏನೂ ಉಪಯೋಗವಾಗಲಿಲ್ಲ. "ಹಬ್ಬ ಚೆನ್ನಾಗಿ ಮಾಡು" ಎಂದ ಮುದುಕನ ದನಿ ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿತ್ತು.

ಮೊದಮೊದಲು ದೊಡ್ಡಪ್ಪ ಚೇತರಿಸಿಕೊಂಡ. ಪಾದ ಬೆಚ್ಚಗಾಯಿತು, ಬಾವು ಇಳಿಯಿತು. ಅದನ್ನು ಕಂಡು ವೈದ್ಯರು ಫೂಜಿಯ ತೂಕ ಹೆಚ್ಚಿಸಿದರು. ಆಮೇಲೆ ಅವನ ಸ್ಥಿತಿ ಕೆಡಲು ಶುರುವಾಯಿತು. ಕುಡಿದದ್ದು ವಾಂತಿಯಾಗುತ್ತಿತ್ತು, ಎದೆ ಒಮ್ಮೆ ಓಡಿ ಒಮ್ಮೆ ನಿಂತಂತಾಗುತ್ತಿತ್ತು. ವೈದ್ಯರು ಬೆಟ್ಟದಾಚೆಯ ಊರಿಗೆ ಹೋಗಿದ್ದರು. "ಕೊಟ್ ಕಾಯಿಲೆ, ಸುಮ್ನೆ ಹೋಗುತ್ತಾ?" ಎಂದಿತು ಓಣಿ.

ಕಷಾಯದ ಚರಟವನ್ನು ಶಾಬಾದಲ್ಲಿ ತಿಪ್ಪೆಗೆ ಹಾಕುವುದಿಲ್ಲ. ಬಾವಿಯ ಬಳಿ ಮೂರು ದಾರಿ ಕೂಡುವಲ್ಲಿ ಚೆಲ್ಲುತ್ತಾರೆ. ತುಳಿದವರ ಕಾಲಿಗೆ ಹತ್ತಿ ಕಾಯಿಲೆ ಊರಾಚೆ ಹೋಗುತ್ತದೆ ಎಂದು ನಂಬಿಕೆ. ಹಾಗಾಗಿ ಚೆಲ್ಲುವವರು ಎಲ್ಲರೂ ತುಳಿಯಲಿ ಎಂದು ಬಯಸುತ್ತಾರೆ, ನಡೆಯುವವರು ಸುತ್ತು ಹಾಕಿ ಹೋಗುತ್ತಾರೆ. ಯಾನ್‌ಚ್ಯೂ ದಿನಾ ಬೆಳಿಗ್ಗೆ ನೀರಿನ ನೆಪದಲ್ಲಿ ಹೋಗಿ ಚಿನ್ ದೊಡ್ಡಮ್ಮ ಚೆಲ್ಲಿದ ಚರಟದ ಮೇಲೆ ನಡೆದುಬರುತ್ತಿದ್ದಳು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ನಂಬಿ ತುಳಿಯುತ್ತಿದ್ದೇನೆಯೇ ಎಂದು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

ಒಂದು ಬೆಳಿಗ್ಗೆ ಕಾಲಡಿಯಲ್ಲಿ ಏನೋ ಕಟ್ಟನೆ ಮುರಿಯಿತು. ಬೆಂದ ಗೆಡ್ಡೆ ಮುರಿಯುವುದಿಲ್ಲ, ಹಿಸುಕುತ್ತದೆ. ಅವಳು ನಿಂತಳು. ಬಗ್ಗಿ, ರಾಶಿಯ ಮೇಲಿನಿಂದ ಮಣ್ಣು ತಾಕದ ಒಂದು ಹೋಳು ಎತ್ತಿಕೊಂಡಳು. ಅಂಚು ಮೆತ್ತಗಿತ್ತು, ನಡುವೆ ಗಟ್ಟಿ. ಬಾವಿಯ ಬಳಿ ಯಾರೂ ಇರಲಿಲ್ಲ. ಬಾಯಿಗೆ ಹಾಕಿ ಕಚ್ಚಿ, ಅಗಿದು, ಉಗಿದಳು.

ಮೊದಲು ಏನೂ ಇಲ್ಲ. ಆಮೇಲೆ ನಾಲಗೆಯ ತುದಿಯಲ್ಲಿ ಇರುವೆ ಹರಿದಂತಾಯಿತು. ಇರುವೆ ತುಟಿಗೆ ಬಂತು, ಗಂಟಲಿನ ಕಡೆಗೆ ಇಳಿಯಿತು.

ಕೊಡವನ್ನು ಅಲ್ಲೇ ಬಿಟ್ಟು ಓಡಿದಳು. ಬೆಳಗಿನ ಕಷಾಯ ಈಗ ಬಟ್ಟಲಿಗೆ ಬೀಳುವ ಹೊತ್ತು. ಓಡುತ್ತಲೇ ಯೋಚಿಸಿದಳು. ನಿಮ್ಮ ಫೂಜಿ ಬೆಂದಿಲ್ಲ ಎಂದರೆ ದೊಡ್ಡಮ್ಮ ಏನು ಹೇಳುತ್ತಾಳೆ? ಕಾಯಿಲೆ ಕೊಟ್ಟವಳು ಈಗ ನನ್ನ ಅಡಿಗೆಯ ಮೇಲೂ ತಪ್ಪು ಹೊರಿಸಲು ಬಂದಳು ಎಂದು ಬಾಗಿಲು ಹಾಕಿಕೊಳ್ಳುತ್ತಾಳೆ. ಆ ಬಾಗಿಲನ್ನು ತೆರೆಸುವ ಮಾತು ಶಾಬಾದಲ್ಲಿ ಒಂದೇ ಇತ್ತು.

ಬಡಿದ ಸದ್ದಿಗೆ ಬಾಗಿಲು ಅರ್ಧ ತೆರೆಯಿತು. ಚಿನ್ ದೊಡ್ಡಮ್ಮನ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು.

"ಬಂದ್ಯಾ? ಈ ಸಲ ಏನ್ ತಂದೆ? ಶವದ ಪೆಟ್ಟಿಗೇನಾ?"

"ಗಡಿಗೆ ಕೇಳೋಕೆ ಬಂದೆ, ದೊಡ್ಡಮ್ಮ."

ಬಾಗಿಲ ಮೇಲಿದ್ದ ಕೈ ಹಾಗೇ ನಿಂತಿತು. ಕಾಯಿಲೆಯವರು ಬಂದು ಗಡಿಗೆ ಕೇಳಿದರೆ ಇಲ್ಲ ಎನ್ನುವಂತಿಲ್ಲ, ಹಗೆಯವರಾದರೂ. ಕೊಟ್ಟರೆ ಆ ಮನೆಯ ಕಾಯಿಲೆಯೂ ಒಯ್ದವರ ಹಿಂದೆ ಹೋಗುತ್ತದೆ ಎನ್ನುತ್ತಾರೆ. ಇಂಥದ್ದನ್ನು ಯಾರೂ ತಾವಾಗಿ ಸುಳ್ಳು ಹೇಳಿ ಕೇಳುವುದಿಲ್ಲ.

"ಯಾರಿಗೆ ಕಾಯಿಲೆ?"

"ನಂಗೇ."

"ಕಲ್ಗುಂಡಿದ್ದಂಗಿದೀಯ. ಏನಾಗಿದೆ ನಿಂಗೆ?"

"ನಾಲಗೆ ಜೋಮು ಹಿಡಿದಿದೆ. ತುಟಿನೂ. ಗಂಟಲಲ್ಲೂ ಆಗ್ತಿದೆ."

"ಜುಮ್ಮನಕಾಯಿ ತಿಂದಿರ್ತೀ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಹೆಕ್ಕಿ ಹೆಕ್ಕಿ ಸಾಲಿಡುವವಳು ಜುಮ್ಮನಕಾಯಿ ತಿಂದಳೇ? ಮುದುಕಿ ಅವಳ ರಟ್ಟೆ ಹಿಡಿದಳು. "ಏನ್ ತಿಂದೆ? ಹೇಳೇ, ಏನ್ ತಿಂದೆ?"

"ಬಾವಿ ಹತ್ರ ನೀವು ಚೆಲ್ಲಿದ್ದು."

"ಸುಳ್ಳು! ನಾನು ದಿನಾ ಕಚ್ಚಿ ನೋಡ್ತೀನಿ. ಇವತ್ತೂ ನೋಡಿದೀನಿ. ನಂಗೇನೂ ಆಗ್ಲಿಲ್ಲ!"

"ಕಚ್ಚೋಕ್ ಮುಂಚೆ ಏನ್ ತಿಂದ್ರಿ, ದೊಡ್ಡಮ್ಮ?"

ಚಿನ್ ದೊಡ್ಡಮ್ಮ ತಿರುಗಿ ನೋಡಿದಳು. ಒಲೆಯ ಪಕ್ಕದ ಮಣೆಯ ಮೇಲೆ ಅರ್ಧ ಉಂಡ ಗಂಜಿ. ಅದರ ಪಕ್ಕ ಉಪ್ಪು ಹಾಕಿ ಹುಳಿಬರಿಸಿದ ಮೂಲಂಗಿ. ಮೇಲೆ ಕೆಂಪೆಣ್ಣೆ, ಎಣ್ಣೆಯಲ್ಲಿ ತೇಲುವ ಜುಮ್ಮನಕಾಯಿ. ಎಡೆಬಿಡದ ಆರೈಕೆಯಲ್ಲಿ ಊಟಕ್ಕೆ ಹೊತ್ತೆಂಬುದಿರಲಿಲ್ಲ. ಒಲೆಯ ಮುಂದೆ ಕೂತೇ ತಿನ್ನುತ್ತಿದ್ದಳು, ತಿನ್ನುತ್ತಲೇ ಹೋಳು ಕಚ್ಚುತ್ತಿದ್ದಳು. ಆಗಲೇ ಜೋಮು ಹಿಡಿದ ನಾಲಗೆಗೆ ಇನ್ನೊಂದು ಜೋಮು ಹೇಗೆ ತಿಳಿಯಬೇಕು? ತೆಳು ಪಾತ್ರೆಯ ನೀರು ಬೇಗ ಇಂಗುತ್ತಿತ್ತು. ತಳ ಹಿಡಿಯುತ್ತದೆಂದು ಅವಳು ನಡುನಡುವೆ ತಣ್ಣೀರು ಸುರಿಯುತ್ತಿದ್ದಳು. ಮಾಡಬಾರದು ಎಂದು ಊರಿಗೆಲ್ಲ ಹೇಳುವವಳೂ ಅವಳೇ.

ಒಳಗಿನಿಂದ ದೊಡ್ಡಪ್ಪನ ದನಿ ಬಂತು. "ಯಾರೇ ಅದು? ಕಷಾಯ ತರ್ತೀಯೋ ಇಲ್ವೋ? ಆರೋಗುತ್ತೆ."

ಬಟ್ಟಲು ತುಂಬಿ ಮಣೆಯ ತುದಿಯಲ್ಲಿ ಹಬೆಯಾಡುತ್ತಿತ್ತು. ಚಿನ್ ದೊಡ್ಡಮ್ಮ ಅದನ್ನು ಎತ್ತಿ ಒಲೆಯ ಬೂದಿಗೆ ಸುರಿದಳು. ಬುಸ್ಸೆಂದು ಬೂದಿ ಎದ್ದಿತು. ಅವಳು ಅಲ್ಲೇ ನೆಲಕ್ಕೆ ಕೂತುಬಿಟ್ಟಳು.

"ನಾನೇ ಕುಡಿಸ್ದೆ" ಎಂದಳು. "ಮೂಗು ಹಿಡಿದು ನಾನೇ ಕುಡಿಸ್ದೆ."

"ಆಮೇಲ್ ಅಳಿ ದೊಡ್ಡಮ್ಮ. ತಳ್ಳುಗಾಡಿ ಎಲ್ಲಿದೆ?"

ಹಾಸಿಗೆ ಸಮೇತ ದೊಡ್ಡಪ್ಪನನ್ನು ತಳ್ಳುಗಾಡಿಗೆ ಹಾಕಿದರು. ದೇಫೆನ್ ಓಡಿಬಂದು ಒಂದು ಕಡೆ ಹಿಡಿದಳು. ಪೇಟೆಯ ಆಸ್ಪತ್ರೆಯವರು ಎದೆಗೆ ಕೊಳವೆ ಇಟ್ಟು ಕೇಳಿ, ಚುಚ್ಚುಮದ್ದು ಕೊಟ್ಟು, ಪಕ್ಕದಲ್ಲೇ ಕೂತರು. ಫೂಜಿ ಬೆಳೆಯುವ ಸೀಮೆಯಲ್ಲಿ ಅವರಿಗೆ ಇದು ಹೊಸದಲ್ಲ. ಮಧ್ಯಾಹ್ನ ಮೌ ವೈದ್ಯರು ಧೂಳುಗಾಲಲ್ಲೇ ಬಂದರು. ಹೆಸರುಕಾಳು ಮತ್ತು ಜ್ಯೇಷ್ಠಮಧುವಿನ ತಿಳಿಯನ್ನು ಚಮಚದಲ್ಲಿ ಕುಡಿಸಲು ಅನುಮತಿ ಕೇಳಿದರು. ಆಸ್ಪತ್ರೆಯ ಡಾಕ್ಟರ್ ಒಪ್ಪಿದ. ಯಾವುದರಿಂದ ಉಳಿದ ಎಂದು ಆಮೇಲೆ ಓಣಿ ಬಹಳ ವಾದ ಮಾಡಿತು. ಸಂಜೆಯ ಹೊತ್ತಿಗೆ ನಾಡಿ ಹದಕ್ಕೆ ಬಂತು, ಮುದುಕ ಕಣ್ಣು ತೆರೆದು "ಹಸಿವಾಗ್ತಿದೆ" ಎಂದ. ಅಷ್ಟು ಖಚಿತ.

ಮೌ ವೈದ್ಯರು ಹೊರಗಿನ ಬೆಂಚಿನಲ್ಲಿ ಯಾನ್‌ಚ್ಯೂ ಪಕ್ಕ ಕೂತರು.

"ತೂಕ ಹೆಚ್ಚಿಸಿದ್ ದಿನ ನಾನು ಹೋಗಿ ಒಲೆ ನೋಡ್ಬೇಕಿತ್ತು. ನೋಡ್ಲಿಲ್ಲ" ಎಂದರು. ಆಮೇಲೆ ಅವಳ ನಾಲಗೆ ಚಾಚಿಸಿ ನೋಡಿ ನಕ್ಕರು. "ನಮ್ ವಿದ್ಯೆ ಶುರುವಾಗಿದ್ದೇ ಹಿಂಗೆ ಅಂತಾರೆ. ಒಬ್ಬ ಅರಸ ಕಂಡ ಗಿಡವನ್ನೆಲ್ಲ ಬಾಯಿಗೆ ಹಾಕ್ಕೊಂಡು, ಎಷ್ಟೋ ಸಲ ವಿಷ ಏರಿಸ್ಕೊಂಡು, ಇದು ತಿನ್ನಿ, ಇದು ಬೇಡ ಅಂದನಂತೆ. ಅವನು ಪಾಪ ಗಿಡ ತಿಂದ. ನೀನು ಕಸ ತಿಂದೆ."

"ನಂದೂ ಪಟ ಹಾಕಿಸ್ತೀರಾ ವೈದ್ಯರೇ?"

"ಮೊದ್ಲು ಹೆಸರುಕಾಳಿನ ನೀರು ಕುಡಿ."

ಮರುದಿನ ಯಾನ್‌ಚ್ಯೂ ಚಿನ್ ಅವರ ಮನೆಗೆ ಹೋಗಿ ಗಡಿಗೆಯನ್ನು ಎತ್ತಿಕೊಂಡಳು. ಕೇಳಿದ ಮೇಲೆ ಒಯ್ಯಲೇಬೇಕು. ಅದು ಕೆಂಪಗೆ, ಹೊಸ ಮದುಮಗಳ ಹಾಗೆ ಮೂಲೆಯಲ್ಲಿತ್ತು. ಮೊಟ್ಟೆ ಮಾತ್ರ ಇರಲಿಲ್ಲ. ಓಣಿಯ ಬಾಗಿಲುಗಳಲ್ಲೆಲ್ಲ ಹೆಂಗಸರು ನಿಂತು ಅವಳು ದಾಟುವುದನ್ನು ನೋಡಿದರು. ತನ್ನ ಮನೆಯ ಹೊಸ್ತಿಲ ಬಳಿ ಅವಳ ಕಾಲು ತಡೆಯಿತು. ಒಳಗೆ ದೇಫೆನ್ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಬಾ ಒಳಗೆ" ಎಂದಳು ಅತ್ತೆ. "ಊರ್ ಕಾಯಿಲೇನ ಎತ್ಕೊಂಡು ಬಂದಿದೀಯ, ಹೊಸ್ತಿಲಲ್ಲಿ ಯಾಕ್ ನಿಲ್ಲಿಸ್ತೀಯ? ಒಲೆ ಮೇಲಿಡು."

ವೈದ್ಯರು ಮತ್ತೆ ಔಷಧ ಶುರುಮಾಡಿದಾಗ, ಕಡಿಮೆ ತೂಕದ ಫೂಜಿಯೊಂದಿಗೆ, ಕಷಾಯ ಕುದಿದದ್ದು ದೇಫೆನ್‌ಳ ಒಲೆಯ ಮೇಲೆ. ಚಿನ್ ದೊಡ್ಡಮ್ಮ ಬೆಳಿಗ್ಗೆ ಬಂದು ಒಲೆಯ ಮುಂದೆ ಕೂರುತ್ತಿದ್ದಳು. ಕ್ಷಮೆ ಎಂಬ ಮಾತು ಅವಳ ಬಾಯಲ್ಲಿ ಬರಲಿಲ್ಲ, ಅವಳ ಬಾಯಿ ಅಂಥದ್ದಲ್ಲ. ನೀರು ಕಡಿಮೆಯಾಯಿತೇ ಎಂದು ಇಣುಕುವಳು, ಉರಿ ತಗ್ಗಿಸುವಳು, ಕಡ್ಡಿಯಲ್ಲಿ ಒಂದು ಹೋಳು ಹಿಡಿದೆತ್ತಿ ಯಾನ್‌ಚ್ಯೂ ಕಡೆ ಚಾಚುವಳು.

"ಕಚ್ಚೇ, ಸಪ್ಪೆ ನಾಲಗೆ. ಏನಂತೆ?"

"ಇನ್ನೂ ಜುಮ್ ಅಂತಿದೆ."

"ದೇಫೆನ್, ಇನ್ನೆರಡು ಕೊಳ್ಳಿ ಕೊಡು."

ವಸಂತದಲ್ಲಿ ಬೇರು ಸವರುವ ಕೆಲಸಕ್ಕೆ ಎರಡು ಮನೆಯವರೂ ಒಟ್ಟಿಗೆ ಹೊಲಕ್ಕಿಳಿದರು. ಗಿಡದ ಬುಡದ ಮಣ್ಣು ಬಿಡಿಸಿ, ಚಿಕ್ಕ ಗೆಡ್ಡೆಗಳನ್ನು ತೆಗೆದು, ದಪ್ಪನೆಯ ಕೆಲವನ್ನೇ ಉಳಿಸಿ, ಮತ್ತೆ ಮುಚ್ಚುವ ಸೂಕ್ಷ್ಮದ ಕೆಲಸ. ಅದರಲ್ಲಿ ಚಿನ್ ದೊಡ್ಡಪ್ಪನಷ್ಟು ಪಳಗಿದ ಕೈ ಶಾಬಾದಲ್ಲಿ ಇನ್ನೊಂದಿರಲಿಲ್ಲ. ಈಗ ಬದುವಿನ ಮೇಲೆ ಕಂಬಳಿ ಹೊದ್ದು ಕೂತು ಬಾಯಲ್ಲೇ ಕೆಲಸ ಮಾಡುತ್ತಿದ್ದ. "ಅದಲ್ಲ, ಅದರ ಪಕ್ಕದ್ದು. ಬೇರು ಹರೀಬೇಡ, ಕಾರ್ಖಾನೆಯವಳೇ."

ಯಾನ್‌ಚ್ಯೂ ಅವನ ಕಾಲ ಬಳಿಯ ಸಾಲಿಗೆ ಬಂದಾಗ ದನಿ ತಗ್ಗಿಸಿ ಕೇಳಿದಳು. "ದೊಡ್ಡಪ್ಪ, ಗಡಿಗೆ ತಂದ್ ದಿನ ನಂಗೆ ಹೇಳ್ಬಹುದಿತ್ತಲ್ಲ, ವಾಪಸ್ ಕೊಡಬಾರ್ದು ಅಂತ?"

"ಹೇಳಿದ್ರೆ ನೀನು ಮೊಟ್ಟೇನೂ ವಾಪಸ್ ತಗೊಂಡೋಗ್ತಿದ್ದೆ." ಅವನು ಕಂಬಳಿ ಸರಿಸಿ ತನ್ನ ಕಣಕಾಲನ್ನು ಒತ್ತಿ ನೋಡಿಕೊಂಡ. "ಈ ಕಾಲು ಹಬ್ಬಕ್ಕೆ ಎಷ್ಟೋ ಮುಂಚೇನೇ ಊದಿತ್ತು ಮಗಳೇ. ಪಟ್ಟಿ ಸುತ್ಕೊಂಡು ಮುಚ್ಚಿಟ್ಟಿದ್ದೆ. ನಿಮ್ ದೊಡ್ಡಮ್ಮಂಗೆ ಹೇಳ್ಬೇಡ, ಕೊಂದಾಕ್ತಾಳೆ."

ಬದುವಿನ ಆ ತುದಿಯಿಂದ ಚಿನ್ ದೊಡ್ಡಮ್ಮ ಊಟದ ಬುಟ್ಟಿ ಹೊತ್ತು ಬರುತ್ತಿದ್ದಳು. ಎಲ್ಲರಿಗೂ ಬಟ್ಟಲು ಹಂಚಿದಳು. ಕೆಂಪೆಣ್ಣೆ ಬಸಿಯುವ ತೋಫು, ಅಂದರೆ ಸೋಯಾ ಹಾಲಿನ ಗಿಣ್ಣು, ಎಂದಿನ ಹಾಗೆ ಜುಮ್ಮನಕಾಯಿ ತುಂಬಿ. ಬುಟ್ಟಿಯ ತಳದಿಂದ ಮುಚ್ಚಳ ಹಾಕಿದ ಬೇರೆ ಬಟ್ಟಲೊಂದನ್ನು ತೆಗೆದು ಯಾನ್‌ಚ್ಯೂ ಮುಂದೆ ಇಟ್ಟಳು. ಅದೇ ತೋಫು, ಬಿಳೀ ಬಣ್ಣದ್ದು. ಹೆಕ್ಕಲು ಅದರಲ್ಲಿ ಒಂದು ಕಾಳೂ ಇರಲಿಲ್ಲ.

"ಅವಳ್ದ್ಯಾಕೆ ಬೇರೆ?" ಎಂದ ದೊಡ್ಡಪ್ಪ.

"ನಾಳೆ ಬೆಳಿಗ್ಗೆ ನಿಮ್ ಕಷಾಯದ ಹೋಳು ಯಾರು ಕಚ್ಚಿ ನೋಡ್ತಾರೆ, ನಿಮ್ಮಪ್ಪನಾ?" ಎಂದಳು ಚಿನ್ ದೊಡ್ಡಮ್ಮ. "ತಿನ್ನೇ, ಆರೋಗುತ್ತೆ."